ಕೀಲಿಕೈ ಇಟ್ಟುಕೊಂಡವನು

ಒಳಗಿನಿಂದ ಬೀಸಿ ಎಸೆದ ಸುತ್ತಿಗೆ ಬಾಗಿಲ ತೆಳುಹಲಗೆಯನ್ನು ಸೀಳಿಕೊಂಡು ಹೊರಬಂದು ಉದ್ದನೆಯ ಮೈಗೆ ಏಣಿ ಎಂದೇ ಹೆಸರಾದವನ ಕಾಲ ಬಳಿ ಬಿತ್ತು. ಒಂದು ಗೇಣು ಮೇಲೆ ಬಂದಿದ್ದರೆ ಮೊಣಕಾಲ ಚಿಪ್ಪು ಪುಡಿಯಾಗುತ್ತಿತ್ತು. ಏಣಿ ಹಿಂದೆ ಸರಿಯಲಿಲ್ಲ. ಬಗ್ಗಿ ಸುತ್ತಿಗೆಯನ್ನು ಎತ್ತಿಕೊಂಡ, ಹಿಡಿಗೆ ಹತ್ತಿದ ಧೂಳನ್ನು ಅಂಗೈಯಲ್ಲಿ ಒರೆಸಿ ಗೋಡೆಗೆ ಒರಗಿಸಿಟ್ಟ.

"ಇನ್ನೇನೇನಿದೆ ಎಸೆಯೋಕೆ?" ಎಂದು ಬಾಗಿಲಿನ ಕಡೆ ನೋಡಿ ಕೇಳಿದ, ಅಂಗಡಿಯಲ್ಲಿ ಸಾಮಾನು ವಿಚಾರಿಸುವವನಂತೆ.

ಉತ್ತರವಾಗಿ ಮೊಳೆಗಳ ಡಬ್ಬಿಯೊಂದು ಒಳಗೆಲ್ಲೋ ಅಪ್ಪಳಿಸಿ ಚೆಲ್ಲಾಪಿಲ್ಲಿಯಾದ ಸದ್ದು ಕೇಳಿತು.

ಅಂಗಳದಲ್ಲಿ ಬಡಗಿಯ ಹೆಂಡತಿ ಹರಿದ ತುಟಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವಳೇ ಒಂಬತ್ತಕ್ಕೆ ಫೋನು ಮಾಡಿದ್ದು. ಗಂಡ ಸೈನ್ಯ ಬಿಟ್ಟು ಬಂದು ಆರು ವರ್ಷ, ಅಂದಿನಿಂದ ಮನೆಯ ಪಕ್ಕದ ಈ ಕೊಟ್ಟಿಗೆಯಲ್ಲೇ ಕಿಟಕಿ ಬಾಗಿಲು ಮಾಡಿಕೊಂಡಿದ್ದವನು. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲವಂತೆ. ಬೆಳಗಾಗುತ್ತಲೇ ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಇವಳು ಅಡ್ಡ ಬಂದದ್ದಕ್ಕೆ ನೂಕಿದ, ತುಟಿ ಚೌಕಟ್ಟಿಗೆ ತಾಗಿ ಹರಿಯಿತು. ಇವತ್ತಿಗೆ ಎಲ್ಲ ಮುಗಿಸಿಬಿಡ್ತೀನಿ ಎಂದನಂತೆ. ಅದನ್ನು ಹೇಳುವಾಗ ಅವಳ ದನಿ ನಡುಗಲಿಲ್ಲ. ನಡುಗುವ ಹಂತ ಅವಳಿಗೆ ಎಂದೋ ದಾಟಿಹೋಗಿತ್ತು.

ಏಣಿಯ ಜೊತೆ ಬಂದಿದ್ದವಳನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ಶಾಲೆಯ ಬಸ್ಸು ಓಡಿಸುವವಳು. ಮಕ್ಕಳನ್ನು ಇಳಿಸಿ ನೇರವಾಗಿ ಬಂದಿದ್ದಳು, ಹಳದಿ ಬಸ್ಸು ರಸ್ತೆಯ ತುದಿಯಲ್ಲಿ ನಿಂತಿತ್ತು. ಅವಳು ಸೈನ್ಯದಲ್ಲಿದ್ದವಳಲ್ಲ. ಅವಳ ತಮ್ಮ ಇದ್ದ. ನಾಲ್ಕು ವರ್ಷದ ಹಿಂದೆ, ಹಿಂದಿರುಗಿ ಎಂಟೇ ತಿಂಗಳಿಗೆ, ಅವನು ತನ್ನ ಜೀವ ತಾನೇ ತೆಗೆದುಕೊಂಡ. ಆ ವರ್ಷ ಊರಿನಲ್ಲಿ ಅಂಥ ಸಾವು ಮೂರು. ಮೂರನೆಯದರ ಮಣ್ಣು ಮುಗಿದ ಮೇಲೆ ಏಣಿ, ನಿಂತಿದ್ದ ಹಳೆಯ ಸೈನಿಕರನ್ನೆಲ್ಲ ಟೈರು ಅಂಗಡಿಯ ಹಿಂದಿನ ಶೆಡ್ಡಿಗೆ ಕರೆದೊಯ್ದು ಕೂರಿಸಿದ. ಅಕ್ಕ ಕರೆಯದೆಯೇ ಹೋಗಿ ಕೂತಳು. ಏಳು ಎಂದು ಯಾರೂ ಹೇಳಲಿಲ್ಲ.

ಹನ್ನೊಂದು ಜನರ ಆ ಗುಂಪಿಗೆ ನಿಯಮಗಳು ಕಡಿಮೆ. ಫೋನು ಬಂದರೆ ಇಬ್ಬರು ಹೋಗಬೇಕು, ಒಬ್ಬರೇ ಹೋಗಬಾರದು. ಬುದ್ಧಿ ಹೇಳಬಾರದು. ಮೊದಲ ಪ್ರಶ್ನೆ ಒಂದೇ: ಕೋವಿ ಎಲ್ಲಿದೆ? ಪರವಾನಗಿಯ ಕೋವಿ ಇದ್ದವರೆಲ್ಲ ಅದನ್ನು ಏಣಿಯ ಮನೆಯ ಕಬ್ಬಿಣದ ಕಪಾಟಿನಲ್ಲಿಟ್ಟಿದ್ದರು. ಕೀಲಿಕೈ ಏಣಿಯ ಕೊರಳ ದಾರದಲ್ಲಿ. ಅವನೇ ಹಿಂದೆ ಅವರಲ್ಲಿ ಹಲವರ ತುಕಡಿಯನ್ನು ನಡೆಸಿದವನು, ಈಗ ಐವತ್ತೆಂಟು. ಉದ್ದಕ್ಕೆ, ಸಣ್ಣಗೆ, ನಿಲ್ಲಿಸಿದಲ್ಲಿ ನಿಲ್ಲುವ ಆಳು. ಸಿಟ್ಟು ಎಂಬುದನ್ನು ಅವನ ಮುಖದ ಮೇಲೆ ಯಾರೂ ಕಂಡದ್ದಿಲ್ಲ. ಮೂರು ದಿನದ ಹಿಂದೆ ಬಡಗಿ ಬಂದು ತನ್ನ ಕೋವಿ ಕೇಳಿದಾಗಲೂ, ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸಿದ್ದ.

ಈಗ ಒಳಗಿನ ಸದ್ದು ನಿಂತಿತು. ಅಕ್ಕ ಏಣಿಯ ಮುಖ ನೋಡಿದಳು, ಅವನು ತಲೆಯಾಡಿಸಿದ. ಇಬ್ಬರೂ ಒಟ್ಟಿಗೆ ಹೆಗಲು ಕೊಟ್ಟರು. ಎರಡನೆಯ ಗುದ್ದಿಗೆ ಅಗುಳಿ ಕಿತ್ತು ಬಂತು.

ಬಡಗಿ ಹೊಟ್ಟಿನ ರಾಶಿಯ ಮೇಲೆ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಅಗಲ ಬಾಯಿಯ ಉಳಿ. ಅಕ್ಕ ಯೋಚಿಸಲಿಲ್ಲ, ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು ನೇತುಬಿದ್ದಳು. ಅವನು ಒದರಿದ. ಅವಳ ಹಣೆ ಮೇಜಿನ ಅಂಚಿಗೆ ಬಡಿಯಿತು. ಮತ್ತೊಮ್ಮೆ ಒದರಿದಾಗ ಅವಳ ಕಿರುಬೆರಳು ಹಿಂದಕ್ಕೆ ಮಡಚಿ ಲಟಕ್ಕೆಂದಿತು. ಅವಳು ಬಿಡಲಿಲ್ಲ. ಹಲ್ಲು ಕಚ್ಚಿ ಅವನ ಕೈಯನ್ನು ಮೇಜಿಗೆ ಜಜ್ಜಿದಳು, ಉಳಿ ಜಾರಿ ಬಿತ್ತು. ಅಷ್ಟರಲ್ಲಿ ಏಣಿ ಹಿಂದಿನಿಂದ ಬಂದು ಬಡಗಿಯನ್ನು ಅವುಚಿ ನೆಲಕ್ಕೆ ಕೆಡವಿ ಮೇಲೆ ಕೂತಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಹಿಂದೆಲ್ಲ ಅಲ್ಲಿಗೇ ಮುಗಿದಿತ್ತು. ಹಿಡಿದಿಟ್ಟರೆ ಒಂದಷ್ಟು ಹೊತ್ತಿಗೆ ಮೈ ಸಡಿಲಾಗುತ್ತದೆ, ಅಳು ಬರುತ್ತದೆ, ಆಮೇಲೆ ಆಸ್ಪತ್ರೆಗೆ ಬರುತ್ತಾರೆ. ಆದರೆ ಬಡಗಿ ಅಳಲಿಲ್ಲ. ಮುಖ ಮೇಲೆತ್ತಿ ಏಣಿಯ ಕಣ್ಣನ್ನೇ ನೋಡಿದ.

"ಒಳಗೆ ಯಾರೂ ಇಲ್ಲ, ಹೊಡಿ ಅಂದಿದ್ದು ನೀನು," ಎಂದ. "ಆ ಮನೆ. ಹಸಿರು ಬಾಗಿಲಿಂದು. ಆಮೇಲೆ ಒಳಗೆ ಹೋಗಿ ನೋಡಿದ್ದು ನಾನು. ನೀನು ಹೊರಗೇ ನಿಂತೆ."

ಅಕ್ಕನಿಗೆ ಯಾವ ಮನೆಯೆಂದು ತಿಳಿಯಲಿಲ್ಲ. ಯಾರೋ ಇದ್ದರೆಂಬುದು ಮಾತ್ರ ತಿಳಿಯಿತು. ಏಣಿಯ ಮುಖದಿಂದ ಏನೋ ಇಳಿದುಹೋಯಿತು. ದೀಪ ಆರಿಸಿದ ಕೋಣೆಯ ಹಾಗಾಯಿತು ಆ ಮುಖ. ಅವನ ಕೈಗಳು ಬಡಗಿಯ ತೋಳು ಬಿಟ್ಟು ಕೊರಳಿಗೆ ಬಂದವು.

ಹಿಡಿದು ನಿಲ್ಲಿಸುವ ಹಿಡಿತವಲ್ಲ ಅದು. ಬಡಗಿಯ ಹಿಮ್ಮಡಿಗಳು ನೆಲ ಕೆರೆಯತೊಡಗಿದವು. ಹೊಟ್ಟು ಹಾರಿತು. ಅಕ್ಕ ಬಿಡು ಎಂದಳು, ಅಣ್ಣಾ ಎಂದಳು, ಅವನ ಕೂದಲು ಹಿಡಿದು ಎಳೆದಳು. ಅವನಿಗೆ ಏನೂ ಕೇಳುತ್ತಿರಲಿಲ್ಲ. ಬಡಗಿಯ ಮುಖ ಕಪ್ಪಿಡುತ್ತಿತ್ತು. ಅವಳು ಕೈಗೆ ಸಿಕ್ಕ ಚೌಕಟ್ಟಿನ ತುಂಡನ್ನು ಎತ್ತಿ ಏಣಿಯ ಬೆನ್ನಿಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಮೂರನೆಯ ಏಟು ಕಿವಿಯ ಮೇಲೆ ಬಿತ್ತು, ಅವನು ಪಕ್ಕಕ್ಕೆ ಉರುಳಿದ.

ಬಡಗಿ ಕೆಮ್ಮತೊಡಗಿದ. ಹೆಂಡತಿ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಕ್ಕ ಮರದ ತುಂಡನ್ನು ಕೆಳಗಿಡದೆ ನಿಂತೇ ಇದ್ದಳು. ಏಣಿ ಎದ್ದು ತಪ್ಪಾಯಿತು ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಏಳಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿಕೊಂಡ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ಒದ್ದೆಯಾಗುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ, ಯಾರೋ ಇಟ್ಟುಕೊಂಡಿರು ಎಂದು ಕೊಟ್ಟುಹೋದ ವಸ್ತುಗಳ ಹಾಗೆ. ಹೌದು, ಯಾರೂ ಇಲ್ಲ ಅಂದಿದ್ದೆ, ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಅವನ ಕಣ್ಣು ನೆಲದ ಮೇಲಿನ ಉಳಿಯ ಕಡೆ ಹೋಗಿ ಅಲ್ಲೇ ನಿಂತಿತು.

ಅದನ್ನು ಅಕ್ಕ ಗಮನಿಸಲಿಲ್ಲ. ಬಡಗಿ ಗಮನಿಸಿದ. ಹೆಂಡತಿಯ ತೊಡೆಯಿಂದ ತಲೆಯೆತ್ತಿ, ಕಾಲು ಚಾಚಿ ಉಳಿಯನ್ನು ದೂರಕ್ಕೆ ಒದ್ದ. ಮಾತು ಬರಲು ಎರಡು ಸಲ ಗಂಟಲು ಕೆರೆದುಕೊಳ್ಳಬೇಕಾಯಿತು.

"ಅಣ್ಣ," ಎಂದ. "ನಿನ್ನ ಕೋವಿ ಎಲ್ಲಿದೆ?"

ಅಕ್ಕನ ಕೈಯಿಂದ ಮರದ ತುಂಡು ಬಿತ್ತು. ನಾಲ್ಕು ವರ್ಷದಲ್ಲಿ ಇವಳು ಆ ಪ್ರಶ್ನೆಯನ್ನು ಎಷ್ಟು ಮನೆಗಳಲ್ಲಿ ಕೇಳಿದ್ದಳು. ಕುಡಿದವರಿಗೆ ಕೇಳಿದ್ದಳು, ಬೈದವರಿಗೆ ಕೇಳಿದ್ದಳು, ಬಾಗಿಲು ಮುಖಕ್ಕೆ ಬಡಿದವರಿಗೆ ಕಿಟಕಿಯಿಂದ ಕೇಳಿದ್ದಳು. ಪ್ರತಿಸಲ ಪಕ್ಕದಲ್ಲಿ ನಿಂತಿರುತ್ತಿದ್ದವನಿಗೆ ಒಮ್ಮೆಯೂ ಕೇಳಿರಲಿಲ್ಲ. ಅವನ ಎದುರು ಕುಕ್ಕರಗಾಲಲ್ಲಿ ಕೂತು ಈಗ ಕೇಳಿದಳು. ಅವನು ತಲೆ ತಿರುಗಿಸಿದ. ಮತ್ತೆ ಕೇಳಿದಳು.

"ದಿಂಬಿನ ಕೆಳಗೆ," ಎಂದ ಏಣಿ.

"ಎಷ್ಟು ದಿನದಿಂದ?"

"ಮೊದಲಿಂದ."

ಕೀಲಿಕೈಗೆಂದು ಅವಳು ಕೊರಳಿಗೆ ಕೈ ಹಾಕಿದ್ದೇ ತಡ, ಅವನು ಭುಗಿಲೆದ್ದ. ಮೊಣಕೈ ಅವಳ ಎದೆಗೆ ಬಿತ್ತು, ಉಸಿರೇ ನಿಂತಿತು. ಅವನು ತಲೆಯನ್ನು ಹಿಂದಿನ ಗೋಡೆಗೆ ಬಡಿದುಕೊಳ್ಳತೊಡಗಿದ, ಒಂದೇ ಲಯದಲ್ಲಿ, ಗಾರೆ ಉದುರುವ ಹಾಗೆ. ಬಡಗಿ ತೆವಳಿಕೊಂಡೇ ಬಂದ. ತನ್ನ ಕೊರಳು ಹಿಸುಕಿದವನ ತಲೆಯ ಹಿಂದೆ ತನ್ನ ಅಂಗೈ ತೂರಿಸಿದ. ಮುಂದಿನ ನಾಲ್ಕೈದು ಬಡಿತಗಳು ಆ ಅಂಗೈಯ ಮೇಲೆ ಬಿದ್ದವು, ಗೆಣ್ಣುಗಳು ಗೋಡೆಗೆ ತರಚಿ ರಕ್ತವಾದವು. ಅವನು ಕೈ ತೆಗೆಯಲಿಲ್ಲ, ಇನ್ನೊಂದು ತೋಳಿನಿಂದ ಏಣಿಯನ್ನು ತಬ್ಬಿ ಮೈಭಾರವೆಲ್ಲ ಬಿಟ್ಟು ಬಿದ್ದುಕೊಂಡ. ಅಕ್ಕ ಕಾಲು ಹಿಡಿದಳು. ಗುಂಪಿನ ಶೆಡ್ಡಿಗೆ ಒಂದು ದಿನವೂ ಕಾಲಿಡದಿದ್ದವಳು, ಬಡಗಿಯ ಹೆಂಡತಿಯೇ, ಬಂದು ಮೇಜಿನ ಮೇಲಿನ ಕತ್ತರಿಯಿಂದ ಕೊರಳಿನ ದಾರ ಕತ್ತರಿಸಿ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಏಣಿ ಸಡಿಲವಾಗಲು ಬಹಳ ಹೊತ್ತು ಹಿಡಿಯಿತು. ಸಡಿಲವಾದಾಗ ಗುಂಪಿನ ಯಾರೂ ಎಂದೂ ಕೇಳಿರದಂಥ ಒಂದು ದನಿ ಅವನಿಂದ ಹೊರಟಿತು, ಬಸ್ಸಿನ ತುಕ್ಕು ಹಿಡಿದ ಬ್ರೇಕಿನಂಥದ್ದು. ಬಡಗಿ ಅವನ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದ. ಏನು ಎಂಬುದು ಅಕ್ಕನಿಗೆ ಕೇಳಿಸಲಿಲ್ಲ, ಅವಳೂ ಕೇಳಿಸಿಕೊಳ್ಳಲು ಹೋಗಲಿಲ್ಲ.

ಟೈರು ಅಂಗಡಿಯವನಿಗೆ ಫೋನು ಹೋಯಿತು. ಅವನು ಗುಂಪಿನ ಇನ್ನೊಬ್ಬನನ್ನು ಕರೆದುಕೊಂಡು ಬಂದು, ಬಡಗಿಯ ಹೆಂಡತಿಯಿಂದ ಕೀಲಿಕೈ ಪಡೆದು, ಏಣಿಯ ಮನೆಗೆ ಹೋಗಿ ದಿಂಬಿನ ಕೆಳಗಿದ್ದುದನ್ನೂ ಕಪಾಟಿನಲ್ಲಿದ್ದುದನ್ನೂ ಪೊಲೀಸ್ ಠಾಣೆಗೆ ಒಪ್ಪಿಸಿದ. ಅಕ್ಕ ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಕಟ್ಟಿಕೊಂಡು ಶಾಲೆಯ ಬಸ್ಸಿನಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ಮಕ್ಕಳ ಸೀಟುಗಳಲ್ಲಿ ಅವರ ಮೊಣಕಾಲು ಹಿಡಿಸದೆ, ಇಬ್ಬರೂ ನಡುದಾರಿಯಲ್ಲಿ ನೆಲದ ಮೇಲೆ ಕೂತರು. ಬಡಗಿಯ ಹೆಂಡತಿ ಬಾಗಿಲ ಬಳಿ ಕೂತು ಇಬ್ಬರಿಗೂ ಕಾವಲಾದಳು.

ಆಸ್ಪತ್ರೆಯಲ್ಲಿ ನರ್ಸು ಕಾಗದ ಹಿಡಿದು ಬಂದು, ಇಬ್ಬರ ಮೇಲೂ ನಿಗಾ ಇಡಬೇಕು, ಮನೋವೈದ್ಯರು ಮಧ್ಯಾಹ್ನ ಬರುತ್ತಾರೆ ಎಂದಳು. ಬಡಗಿಯ ಕೊರಳಿನ ಮೇಲೆ ಮೂಡಿದ್ದ ಹತ್ತು ಬೆರಳಿನ ಗುರುತನ್ನೂ ಪಕ್ಕದ ಮಂಚದಲ್ಲಿ ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನನ್ನೂ ನೋಡಿದಳು.

"ನೀವು ಅವರಿಗೆ ಏನಾಗಬೇಕು?"

ಬಡಗಿ ಉಗುಳು ನುಂಗಿದ, ನೋವಿಗೆ ಮುಖ ಕಿವುಚಿದ.

"ತಮ್ಮ," ಎಂದ.

ನರ್ಸು ಬರೆದುಕೊಂಡು, ಎರಡು ಮಂಚಗಳ ನಡುವಿನ ಹಸಿರು ಪರದೆಯನ್ನು ಎಳೆದು ಹೋದಳು. ಅವಳ ಹೆಜ್ಜೆ ಸದ್ದು ದೂರವಾದ ಮೇಲೆ ಬಡಗಿ ಪಟ್ಟಿ ಕಟ್ಟಿದ ಕೈಯಿಂದ ಪರದೆಯನ್ನು ಹಿಂದಕ್ಕೆ ಸರಿಸಿದ. ತುಸು ಹೊತ್ತಿಗೆ ಅವಳು ಬಂದು ಮತ್ತೆ ಎಳೆದಳು, ಅವನು ಮತ್ತೆ ಸರಿಸಿದ. ಮೂರನೆಯ ಸಲ ಬಂದವಳು ಪರದೆಗೆ ಕೈ ಹಾಕಲಿಲ್ಲ. ಏಣಿ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತಿದ್ದ. ಅವಳು ಗೋಡೆಯ ಹತ್ತಿರ ಹೋಗಿ ಫ್ಯಾನಿನ ಗುಂಡಿ ಒತ್ತಿದಳು. ರೆಕ್ಕೆಗಳು ನಿಧಾನಕ್ಕೆ ತಿರುಗತೊಡಗಿದವು, ಎರಡೂ ಮಂಚಗಳ ಹೊದಿಕೆಯ ಅಂಚು ಅಲುಗಿತು.