ಬಲಗಡೆಯ ಹಾಡು

ಗ್ಲೆನಿಸ್ ಹುಟ್ಟಿದ್ದು ವೇಲ್ಸ್‌ನಲ್ಲಿ. ಅಲ್ಲಿಯ ಕೂಸುಗಳು ಅಳುವುದೂ ರಾಗವಾಗಿಯೇ ಎಂದು ಇಂಗ್ಲೆಂಡಿನವರು ಹೇಳುತ್ತಾರೆ. ಇವಳ ವಿಷಯದಲ್ಲಿ ಮಾತ್ರ ದೇವರು ಎಲ್ಲೋ ಮೈಮರೆತಿದ್ದ. ಎಂಟನೆಯ ವಯಸ್ಸಿನಲ್ಲಿ ಊರಿನ ಚರ್ಚಿನ ಮೇಳದಲ್ಲಿ ನಿಲ್ಲಿಸಿದಾಗ, ಹಾಡು ಕಲಿಸುವ ಮೇಷ್ಟ್ರು ಬಗ್ಗಿ ಕಿವಿಯಲ್ಲಿ, "ನೀನು ತುಟಿ ಅಲ್ಲಾಡಿಸಿದ್ರೆ ಸಾಕು ಮಗು, ದನಿ ಬೇರೆಯವ್ರು ಕೊಡ್ತಾರೆ" ಎಂದಿದ್ದರು. ಅಲ್ಲಿಂದ ಮುಂದೆ ಅವಳು ಹಾಡಿನ ಗೊಡವೆಗೇ ಹೋಗಲಿಲ್ಲ. ಶಾಲೆಯ ಊಟದ ಮನೆಯಲ್ಲಿ ಅಡುಗೆಯವಳಾಗಿದ್ದಾಗ ಒಂದೇ ಕೂಗಿಗೆ ಇನ್ನೂರು ಮಕ್ಕಳನ್ನು ತೆಪ್ಪಗಾಗಿಸುತ್ತಿದ್ದಳು, ಆ ಮಾತು ಬೇರೆ.

ಅಂಥವಳು ಎರಡು ವರ್ಷದಿಂದ ಕಾಲುವೆಯ ಒಂದೊಂದು ಲಾಕ್‌ನಲ್ಲೂ ಗಂಟಲು ಹರಿಯುವಂತೆ ಹಾಡುತ್ತಿದ್ದಳು.

ಕಾಲುವೆ ಗುಡ್ಡ ಹತ್ತುವ ಕಡೆಯಲ್ಲೆಲ್ಲ ಈ ಲಾಕ್‌ಗಳು. ಎರಡು ಕಡೆ ಮರದ ಬಾಗಿಲು, ನಡುವೆ ಉದ್ದನೆಯ ಕಲ್ಲಿನ ತೊಟ್ಟಿ. ದೋಣಿ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ ನೀರು ತುಂಬಿ ಅದನ್ನು ಮೇಲಕ್ಕೆತ್ತುತ್ತದೆ. ಹೊಗುವುದೇ ಕಷ್ಟ. ದೋಣಿಯ ಎರಡು ಪಕ್ಕಕ್ಕೂ ಅಂಗೈ ಅಗಲದಷ್ಟೇ ಜಾಗ. ಕಾಲುವೆಯ ಮೇಲಿನ ಸಂಸಾರಗಳಲ್ಲಿ ಒಂದು ಹಳೆಯ ಪದ್ಧತಿ ಉಂಟು. ಗಂಡಸು ಚುಕ್ಕಾಣಿ ಹಿಡಿದು ದೊರೆಯ ಹಾಗೆ ನಿಂತಿರುತ್ತಾನೆ; ಹೆಂಗಸು ದಡಕ್ಕೆ ಹಾರಿ, ಜೊತೆಗೆ ಒಯ್ದ ಕಬ್ಬಿಣದ ಹ್ಯಾಂಡಲನ್ನು ಬಾಗಿಲಿನ ಹಲ್ಲಿಗೆ ಸಿಕ್ಕಿಸಿ ತಿರುಗಿಸಿ ನೀರು ಬಿಟ್ಟು, ಎತ್ತಿನ ಭಾರದ ಬಾಗಿಲನ್ನು ಬೆನ್ನು ಕೊಟ್ಟು ತಳ್ಳುತ್ತಾಳೆ. ಯಾಕೆ ಹೀಗೆ ಎಂದು ಕೇಳಿದರೆ ಗಂಡಸರು ಗಂಭೀರವಾಗಿ, "ಚುಕ್ಕಾಣಿ ಕೆಲಸ ಸೂಕ್ಷ್ಮ ನೋಡಿ" ಅನ್ನುತ್ತಾರೆ.

ಗ್ಲೆನಿಸ್‌ಳ ಗಂಡ ಕ್ಲಿಫ್‌ನನ್ನಂತೂ ಕೇಳುವುದೇ ಬೇಡ. ಜೀವಮಾನವೆಲ್ಲ ವುಲ್ವರ್‌ಹ್ಯಾಂಪ್ಟನ್ ಊರಲ್ಲಿ ಡಬಲ್ ಡೆಕ್ಕರ್ ಬಸ್ ಓಡಿಸಿದವನು. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಮನೆ ಮಾರಿ, ಓಣಿಯಂತೆ ಉದ್ದಕ್ಕಿದ್ದ ಕಬ್ಬಿಣದ ದೋಣಿಯೊಂದನ್ನು ಕೊಂಡು ಅದರಲ್ಲೇ ಸಂಸಾರ ಹೂಡಿದರು. ಅದಕ್ಕೆ 'ಲಾಸ್ಟ್ ಸ್ಟಾಪ್' ಎಂದು ಹೆಸರಿಟ್ಟವನೂ ಅವನೇ. "ಬಸ್ಸಿಗೆ ಡ್ರೈವರ್ ಒಬ್ಬನೇ ಇರಬೇಕು" ಎಂದು ಮೊದಲ ದಿನವೇ ಚುಕ್ಕಾಣಿ ಹಿಡಿದವನು ಹೆಂಡತಿಯ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಕಣ್ಣು ಕೈಕೊಟ್ಟಿತು. ನೋಟದ ಅಂಚು ಚೆನ್ನಾಗಿಯೇ ಇತ್ತು. ನಟ್ಟನಡುವೆ ಮಾತ್ರ ಮಸುಕು, ಕನ್ನಡಕಕ್ಕೆ ಬೆಣ್ಣೆ ಸವರಿದ ಹಾಗೆ. ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಅವನು ಟೀಗೆ ಉಪ್ಪು ಹಾಕಿಕೊಂಡು ಮಾತಾಡದೆ ಕುಡಿದದ್ದನ್ನು ಅವಳೂ ಎತ್ತಿ ಆಡಲಿಲ್ಲ. ಆ ವಾರವೇ ಅವಳು ಹಾಡಲು ಶುರುಮಾಡಿದಳು. ಲಾಕ್‌ನ ಬಾಯಲ್ಲಿ ಬಲಗಡೆಯ ಕಲ್ಲಿನ ಮೇಲೆ ನಿಂತು ದನಿ ಎತ್ತುತ್ತಾಳೆ. ಅವನು ಎಂಜಿನ್ ಸದ್ದು ಇಳಿಸಿ, ಹಾಡು ಬಲಗಿವಿಗೆ ಬೀಳುವ ಹಾಗೆ ದೋಣಿ ನಡೆಸುತ್ತಾನೆ. ದಾರಿಯಲ್ಲಿ ಪಕ್ಕದಲ್ಲೇ ನಿಂತು, "ಅಗೋ, ಎದುರಿಗೆ ಕೆಂಪು ದೋಣಿ, ಹೂವಿನ ಕುಂಡ ಎಷ್ಟು ಚೆನ್ನಾಗಿಟ್ಟಿದ್ದಾಳೆ ನೋಡು" ಎಂದು ಹರಟುತ್ತಾಳೆ. ಅವನು "ಹ್ಞೂಂ, ಚೆನ್ನಾಗಿದೆ" ಎಂದು ಸ್ವಲ್ಪ ಪಕ್ಕಕ್ಕೆ ಸರಿಸುತ್ತಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಇಲ್ಲಿ ಎರಡು ಬೆಕ್ಕು, ಬಟ್ಟಲು ಒಂದೇ.

ಹಾಡಿಗೆ ಪದ ಬೇಕಲ್ಲ. ಅವಳು ಚರ್ಚಿನ ರಾಗಕ್ಕೆ ಬಾಯಿಗೆ ಬಂದದ್ದನ್ನು ಹಾಕುತ್ತಿದ್ದಳು: ಆಲೂಗಡ್ಡೆ ಮುಗಿದಿದೆ, ಈರುಳ್ಳಿ ಮೊಳೆತಿದೆ, ಗ್ಯಾಸ್ ತರಬೇಕು. ತರಕಾರಿಯೂ ಮುಗಿದರೆ ಯಾರಿಗೂ ತಿಳಿಯದ ತನ್ನ ವೆಲ್ಷ್ ಭಾಷೆಗೆ ಇಳಿಯುತ್ತಿದ್ದಳು. ಆ ಭಾಷೆಯಲ್ಲಿ ಅವಳು ತರಕಾರಿ ಹಾಡುತ್ತಿರಲಿಲ್ಲ. "ಇಳಿಯಬೇಡ ಮುದುಕಾ, ನೀನು ಇಳಿದರೆ ನಾನೆಲ್ಲಿ ನಿಲ್ಲಲಿ" ಎಂದು ಹಾಡುತ್ತಿದ್ದಳು. ಎದೆಯಲ್ಲಿದ್ದದ್ದು ಅದೊಂದೇ. ಕಾಲುವೆಯ ಕಾನೂನಿನಂತೆ ಇಂಥ ದೋಣಿಗಳು ಒಂದೇ ಕಡೆ ಎರಡು ವಾರಕ್ಕಿಂತ ಹೆಚ್ಚು ಕಟ್ಟಿಕೊಂಡು ನಿಲ್ಲುವ ಹಾಗಿಲ್ಲ. ಚುಕ್ಕಾಣಿ ಹಿಡಿಯುವವನು ಇಲ್ಲವೆಂದರೆ ಬಾಳೂ ಇಲ್ಲ.

ಮೇ ತಿಂಗಳ ಆ ಶನಿವಾರ ಆಡ್ಲಮ್ ಹಳ್ಳಿಯ ಬಳಿ ಮಗಳು ಬೆಥನ್ ದೋಣಿ ಹತ್ತಿದಳು. ನಗರಸಭೆಯಲ್ಲಿ ಅವಳ ಕೆಲಸ ಏನೆಂದರೆ, ಎಲ್ಲಿ ಯಾರು ಜಾರಿ ಬಿದ್ದಾರು ಎಂದು ಹುಡುಕುವುದು. ಕಾಲಿಟ್ಟ ಕೂಡಲೇ ಒಲೆ, ಮೆಟ್ಟಿಲು, ಹಗ್ಗ ಎಲ್ಲವನ್ನೂ ನೋಡಿ ಹುಬ್ಬು ಗಂಟು ಹಾಕಿದಳು. ಅವಳ ಹಿಂದೆಯೇ ಪೋರ್ಕ್ ಪೈ ಕಂಕುಳಲ್ಲಿಟ್ಟುಕೊಂಡು ಟ್ರೆವರ್ ಬಂದ. ಟ್ರೆವರ್ ಎಂದರೆ ಕ್ಲಿಫ್‌ನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಹೆಂಡತಿ ತೀರಿದ ಮೇಲೆ ತಿಂಗಳಿಗೊಮ್ಮೆ ಇವರ ದೋಣಿಯಲ್ಲಿ ಬಂದು ಉಣ್ಣುವ ಗೆಳೆಯ. ಡಿಪೋದ ಹಾಡಿನ ತಂಡದಲ್ಲಿ ಅವನ ಕಂಠಕ್ಕೆ ದೊಡ್ಡ ಹೆಸರಿತ್ತು.

ಟೀ ಮುಗಿಯುವ ಮೊದಲೇ ಬೆಥನ್ ಮಾತು ತೆಗೆದಳು. "ಅಮ್ಮಾ, ನಮ್ಮ ಬೀದೀಲೇ ಕೆಳಗಡೆ ಮನೆ ಒಂದು ಖಾಲಿಯಾಗಿದೆ. ಮೆಟ್ಟಿಲಿಲ್ಲ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆ. ಸೋಮವಾರ ಹ್ಞೂಂ, ಉಹ್ಞೂಂ ಹೇಳ್ಬೇಕು."

"ಕಂಬಿ ಹಿಂದೆ ಕೂರಿಸೋಕೆ ನಾವೇನು ಕದ್ದಿದ್ದೀವಾ?" ಎಂದ ಕ್ಲಿಫ್.

"ಅಪ್ಪಾ, ತಮಾಷೆ ಬೇಡ. ಈ ಲಾಕುಗಳನ್ನೆಲ್ಲ ಇವತ್ತು ನಿಮ್ಜೊತೇನೇ ಹತ್ತಿ ನೋಡ್ತೀನಿ. ಎಲ್ಲಾ ಸರಿ ಇದ್ರೆ ಇನ್ನು ಬಾಯಿ ಬಿಡಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಬಾಯಿ ಬಿಡೋ ಹಾಗಿಲ್ಲ."

ಕ್ಲಿಫ್ ಒಪ್ಪಿದ. ಆಡ್ಲಮ್ ಅಂದರೆ ಒಂದರ ಮೇಲೊಂದು ಹದಿನೈದು ಲಾಕು, ಉಸಿರು ಬಿಡಲು ಪುರುಸೊತ್ತಿಲ್ಲ. ಗ್ಲೆನಿಸ್ ಗಂಟಲಿಗೆ ಜೇನುತುಪ್ಪ ನೆಕ್ಕಿಕೊಂಡು ಹ್ಯಾಂಡಲ್ ಹಿಡಿದು ದಡಕ್ಕೆ ಹಾರಿದಳು.

ಬೆಳಗ್ಗೆಯೆಲ್ಲ ಸೊಗಸಾಗಿ ಸಾಗಿತು. ಅವಳು ಹಾಡಿದಳು, ಅವನು ಸೂಜಿಗೆ ದಾರ ಪೋಣಿಸಿದ ಹಾಗೆ ದೋಣಿ ತೂರಿಸಿದ. ಟ್ರೆವರ್ ಬಾಗಿಲು ತಳ್ಳಿಕೊಡುತ್ತಾ, "ಗ್ಲೆನ್, ನೀನು ಬಾಯಿ ತೆಗೆದ ಮೇಲೆ ಈ ಕಾಲುವೇಲಿ ಒಂದು ಬಾತುಕೋಳೀನೂ ಕಾಣಿಸ್ಲಿಲ್ಲ. ಎಲ್ಲಾ ಫ್ರಾನ್ಸಿಗೆ ಹೋಗಿರ್ಬೇಕು" ಎಂದು ಕಿಚಾಯಿಸಿದ. ಲೈಫ್ ಜಾಕೆಟ್ ಬಿಗಿದುಕೊಂಡು ಮುಂದುಗಡೆ ಕೂತಿದ್ದ ಬೆಥನ್ ಮುಖದಲ್ಲೂ ನಗು ಬಂತು. "ಅಮ್ಮ ಯಾವಾಗಿಂದ ಹಾಡೋಕೆ ಶುರು ಮಾಡಿದ್ದು?" ಎಂದು ಕೇಳಿದಳು. "ವಯಸ್ಸಾದ ಮೇಲೆ ಮರ್ಯಾದೆ ಕಮ್ಮಿ ಆಗುತ್ತೆ ಕಣೇ" ಎಂದು ಗ್ಲೆನಿಸ್ ಮಾತು ತೇಲಿಸಿದಳು.

ಮಧ್ಯಾಹ್ನ ಲಾಕ್‌ಗಳ ನಡುವಿನ ಪಬ್ಬಿನಲ್ಲಿ ಪೈ, ಉಪ್ಪಿನಕಾಯಿ, ಚೀಸ್ ಆಯಿತು. ಟ್ರೆವರ್ ಬಿಯರ್‌ನ ಮೇಲೆ ಬಿಯರ್ ಏರಿಸಿ, ಸತ್ತ ಹೆಂಡತಿಯನ್ನು ನೆನೆದು, ಕಣ್ಣು ಒರೆಸಿಕೊಂಡ. ಗ್ಲೆನಿಸ್‌ಳ ಒಡಕು ದನಿ ಕೇಳಿ ಕೇಳಿ ಅವನ ಮನಸ್ಸು ಕರಗಿಹೋಗಿತ್ತು. ಪಾಪ, ಒಬ್ಬಳೇ ಹಾಡ್ತಾಳಲ್ಲ, ಜೊತೆಗೊಂದು ದನಿ ಇದ್ದರೆ ಎಷ್ಟು ಚೆಂದ ಅನ್ನಿಸಿತು. ಕೆಡುಕು ಮಾಡಬೇಕೆಂದು ಹೊರಟವನಿಂದ ತಪ್ಪಿಸಿಕೊಳ್ಳಬಹುದು, ಉಪಕಾರ ಮಾಡಲು ಹೊರಟವನಿಂದ ಆಗುವುದಿಲ್ಲ.

ಊಟದ ನಂತರ ಮೂರನೆಯ ಲಾಕು. ಬೆಥನ್ ಟೀ ಕಾಸಲು ದೋಣಿಯ ಒಳಗೆ ಹೋಗಿದ್ದಳು. ಬಾಗಿಲು ತೆರೆದು ಗ್ಲೆನಿಸ್ ಬಲಗಡೆ ನಿಂತು ಈರುಳ್ಳಿಯಿಂದ ಶುರುಮಾಡಿದಳು. ದೋಣಿಯ ಮೂಗು ನೆಟ್ಟಗೆ ಬರುತ್ತಿತ್ತು. ಅಷ್ಟರಲ್ಲಿ ಎದುರು ದಡದಲ್ಲಿ, ಎಡಗಡೆಯ ಕಲ್ಲಿನ ಮೇಲೆ ನಿಂತು ಟ್ರೆವರ್ ಎದೆಯುಬ್ಬಿಸಿ ಈರುಳ್ಳಿಗೆ ದನಿ ಸೇರಿಸಿದ. ಡಿಪೋ ಮೆಚ್ಚಿದ ಕಂಠ ಅದು. ಗ್ಲೆನಿಸ್‌ಳ ಹಾಡು ಅದರಡಿಯಲ್ಲಿ ಮುಳುಗಿಯೇ ಹೋಯಿತು.

ಅವಳು ಬೇಡ ಬೇಡ ಎಂದು ಕೈ ಬೀಸಿದಳು. ಟ್ರೆವರ್ ಅದನ್ನು ತಾಳ ಎಂದುಕೊಂಡು ಇನ್ನೊಂದು ಸ್ಥಾಯಿ ಏರಿಸಿದ. ದೋಣಿ ಮೆಲ್ಲನೆ, ಮರ್ಯಾದೆಯಿಂದ, ಎಡಕ್ಕೆ ತಿರುಗಿತು. "ಕ್ಲಿಫ್, ಈ ಕಡೆ" ಎಂದು ಅವಳು ಅರಚುವಷ್ಟರಲ್ಲಿ ಹದಿನೈದು ಟನ್ ಕಬ್ಬಿಣ ಕಲ್ಲಿಗೆ ಹೊಡೆಯಿತು. ಒಳಗಿನಿಂದ ಕೆಟಲ್, ತಟ್ಟೆ, ಲೋಟ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು ಬಂತು. ದೋಣಿ ಲಾಕ್‌ನ ಬಾಯಿಗೆ ಅಡ್ಡ ನಿಂತಿತು.

"ನಿನಗ್ಯಾರೋ ಎಡಗಡೆ ನಿಂತು ಹಾಡು ಅಂದಿದ್ದು, ಗೂಬೆ?" ಕ್ಲಿಫ್ ಹಳೆಯ ಬಸ್ ಡ್ರೈವರ್ ದನಿಯಲ್ಲಿ ಗರ್ಜಿಸಿದ.

ಹಾಲು ಸುರಿಯುತ್ತಿದ್ದ ಅಂಗಿಯೊಂದಿಗೆ ಮೆಟ್ಟಿಲ ಮೇಲೆ ಬಂದ ಬೆಥನ್ ಅಲ್ಲೇ ನಿಂತಳು. ಅಪ್ಪನನ್ನು ನೋಡಿದಳು, ಎರಡು ದಡಗಳನ್ನೂ ನೋಡಿದಳು. ಅಪಾಯ ಹುಡುಕುವುದೇ ಅವಳ ಕಸುಬು, ತಿಳಿಯಲು ತಡವಾಗಲಿಲ್ಲ.

"ಎಡಗಡೆ ಹಾಡಿದ್ರೆ ಏನಾಗುತ್ತೆ ಅಪ್ಪಾ?"

ಅವಳು ಅವನ ಮುಖದ ಮುಂದೆ ಕೈ ಹಿಡಿದಳು. "ಎಷ್ಟು ಬೆರಳು?"

"ಕೈ ಕಾಣುತ್ತೆ ಮಗಳೇ" ಎಂದ ಕ್ಲಿಫ್. ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಬೆರಳು ಕಾಣಲ್ಲ" ಎಂದ.

ದಡದ ಮೇಲೆ ಗ್ಲೆನಿಸ್‌ಳ ಕಣ್ಣು ತುಂಬಿತು. ಎರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಟ್ರೆವರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ.

"ಮುಗೀತಲ್ಲ" ಎಂದಳು ಬೆಥನ್. "ಇದರಲ್ಲಿ ಯಾರಾದ್ರೂ ಸಾಯಬಹುದಿತ್ತು. ಸೋಮವಾರ ಹ್ಞೂಂ ಅಂತೀನಿ. ಮಾತು ಮಾತೇ."

"ಮಾತು ಮಾತೇ" ಎಂದ ಕ್ಲಿಫ್.

ಆದರೆ ದೋಣಿ ಅಲ್ಲಿ ನಿಲ್ಲುವಂತಿರಲಿಲ್ಲ. ಕೆಳಗಿನಿಂದ ಇನ್ನೊಂದು ದೋಣಿ ಬಂದು ದಾರಿಗಾಗಿ ಭೋಂಕರಿಸುತ್ತಿತ್ತು. ಬೆಥನ್‌ಗೆ ದೋಣಿ ನಡೆಸುವುದು ಗೊತ್ತಿಲ್ಲ. ಟ್ರೆವರ್ ಟಿಕೆಟ್ ಹರಿದವನೇ ಹೊರತು ಸ್ಟೀರಿಂಗ್ ಮುಟ್ಟಿದವನಲ್ಲ. ಗ್ಲೆನಿಸ್ ಸ್ಕರ್ಟಿಗೆ ಮೂಗು ಒರೆಸಿಕೊಂಡು ದೋಣಿಯ ಹಿಂದುಗಡೆಗೆ ಬಂದಳು. ಅವಳಿಗೆ ಗಂಡನ ಮೇಲೂ, ತನ್ನ ಮೇಲೂ ಸಿಟ್ಟು ಬಂದಿತ್ತು. ಎರಡು ವರ್ಷ ಈ ದೋಣಿಯನ್ನು ನಡೆಸಿದ್ದು ಯಾರು? ಇವನ ಕೈ, ಸರಿ. ಕಣ್ಣು ಯಾರದು?

"ಸರಿ ಕ್ಲಿಫ್" ಎಂದು ಹ್ಯಾಂಡಲ್ ಮುಂದೆ ಚಾಚಿದಳು. "ಇದನ್ನ ಹಿಡಿ. ಅದನ್ನ ಇಲ್ಲಿ ಕೊಡು."

"ನಿನಗೆ ಬರಲ್ಲ."

"ನಿನಗೆ ಕಾಣಲ್ಲ."

ಕ್ಲಿಫ್ ಚುಕ್ಕಾಣಿಯ ಹಿತ್ತಾಳೆಯನ್ನು ಒಂದು ಸಲ ಹೆಬ್ಬೆರಳಿನಿಂದ ಉಜ್ಜಿದ. ಕೊನೆಯ ಟ್ರಿಪ್ ಮುಗಿಸಿ ಬಸ್ಸಿನ ಕೀ ಒಪ್ಪಿಸಿದ ದಿನವೂ ಹೀಗೇ ಮಾಡಿದ್ದ. ಆಮೇಲೆ ಹ್ಯಾಂಡಲ್ ತೆಗೆದುಕೊಂಡು, ಮಗಳು ಬಿಚ್ಚಿ ಕೊಟ್ಟ ಲೈಫ್ ಜಾಕೆಟ್ ಹಾಕಿಕೊಂಡು, ಅವಳ ಭುಜ ಹಿಡಿದು ದಡಕ್ಕೆ ಹೋದ.

ಗ್ಲೆನಿಸ್ ದೋಣಿಯನ್ನು ಹಿಂದಕ್ಕೆ ಸರಿಸಿ, ನೇರ ಮಾಡಿ, ಮುಂದಕ್ಕೆ ಬಿಟ್ಟಳು. ಬಲಪಕ್ಕಕ್ಕೆ ಒಮ್ಮೆ ಕಿರ್ರೆಂದು ಉಜ್ಜಿ ಒಂದು ಮಾರುದ್ದ ಹಸಿರು ಬಣ್ಣ ಗೋಡೆಗೆ ಹೋಯಿತು. "ಅದು ನನ್ನ ಸಹಿ" ಎಂದು ಕೂಗಿ ಹೇಳಿದಳು. ಮೇಲೆ ಕ್ಲಿಫ್ ಬಾಗಿಲಿಗೆ ಹಿಡಿಯಂತಿದ್ದ ಮರದ ತೊಲೆಯನ್ನು ತಡವಿ ಹಿಡಿದು, ಬೆನ್ನು ಕೊಟ್ಟು ಬಾಗಿಲನ್ನು ಒಂದೇ ನೂಕಿಗೆ ಮುಚ್ಚಿದ. ಹ್ಯಾಂಡಲ್ ಹಲ್ಲಿಗೆ ಕೂತದ್ದು ಕೈಗೇ ತಿಳಿಯುತ್ತಿತ್ತು, ನೀರು ತುಂಬಿದ್ದು ಕಿವಿಗೇ ತಿಳಿಯುತ್ತಿತ್ತು. ಇಷ್ಟು ದಿನ ಹೆಂಡತಿ ಏದುಸಿರು ಬಿಡುತ್ತಾ ಮಾಡುತ್ತಿದ್ದ ಕೆಲಸವನ್ನು ಅವನ ತೋಳು ಆಟದಂತೆ ಮಾಡಿತು.

ಮಗಳು ಅಪ್ಪನ ಪಕ್ಕದಲ್ಲೇ ಎರಡು ಲಾಕ್ ನಡೆದಳು. ಅವನ ಕೈ ಕಾಲು ಎಲ್ಲೆಲ್ಲಿ ಹೇಗೆ ಬೀಳುತ್ತವೆ ಎಂದು ಅಳೆದು ನೋಡಿದಳು. ಆಮೇಲೆ ದೋಣಿಯ ಕಡೆ ತಿರುಗಿ, "ಅಮ್ಮಾ, ನಿನ್ನ ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಹೋದ ತಿಂಗಳು. ನಿನ್ನ ಗಲ್ಲದ ಮೇಲಿರೋ ಹಾಲು ಇಲ್ಲಿಗೇ ಕಾಣುತ್ತೆ."

ಬೆಥನ್ ಗಲ್ಲ ಒರೆಸಿಕೊಂಡಳು. "ಲಾಕ್‌ನಲ್ಲಿ ಅಪ್ಪ ಈ ಜಾಕೆಟ್ ಬಿಚ್ಚೋ ಹಾಗಿಲ್ಲ. ಚುಕ್ಕಾಣಿ ಮುಟ್ಟೋ ಹಾಗಿಲ್ಲ. ಯಾರೂ ನನ್ನ ಹತ್ರ ಏನೂ ಮುಚ್ಚಿಡೋ ಹಾಗಿಲ್ಲ. ಒಪ್ಪಿಗೆ ಇದ್ರೆ ಸೋಮವಾರ ಉಹ್ಞೂಂ ಅಂತ ಹೇಳ್ತೀನಿ."

"ನಾನು ಹಾಡೋ ಹಾಗಿಲ್ಲ" ಎಂದು ಟ್ರೆವರ್ ತಾನಾಗಿಯೇ ಸೇರಿಸಿದ.

ಕೊನೆಯ ಲಾಕ್ ಹತ್ತಿರ ಬಂತು. ಗ್ಲೆನಿಸ್ ಎಂಜಿನ್ ಇಳಿಸಿ ಮೂಗನ್ನು ನೇರಕ್ಕೆ ತಂದಳು. ಅಷ್ಟರಲ್ಲಿ ಬಲಗಡೆಯ ಕಲ್ಲಿನ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು ನಿಂತ ಕ್ಲಿಫ್ ಹಾಡಲು ತೊಡಗಿದ. ಆಲೂಗಡ್ಡೆ ಮುಗಿದಿದೆ, ಈರುಳ್ಳಿ ಮೊಳೆತಿದೆ, ಒಂದೂ ಬಿಡದೆ, ಅವಳದೇ ಒಡಕು ರಾಗದಲ್ಲಿ.

"ನನಗೆ ಕಣ್ಣು ಕಾಣುತ್ತೆ ಕ್ಲಿಫ್" ಎಂದು ಅವಳು ಕೂಗಿದಳು.

"ಗೊತ್ತು" ಎಂದು ಅವನು ಮುಂದುವರಿಸಿದ. ಗ್ಯಾಸ್ ತರಬೇಕು ಎಂಬಲ್ಲಿಗೆ ಬಂದ. ಅದಾದ ಮೇಲೆ, ಉಚ್ಚಾರ ಎಡವುತ್ತಾ, ವೆಲ್ಷ್‌ನಲ್ಲಿ ಹಾಡಿದ: ಇಳಿಯಬೇಡ ಮುದುಕೀ, ನೀನು ಇಳಿದರೆ ನಾನೆಲ್ಲಿ ನಿಲ್ಲಲಿ.

ದೋಣಿ ಎರಡು ಗೋಡೆಯನ್ನೂ ಮುಟ್ಟದೆ ಒಳಗೆ ಬಂದು ನಿಂತಿತು. ಗ್ಲೆನಿಸ್ ತೊಟ್ಟಿಯ ತಳದಿಂದ ಕತ್ತೆತ್ತಿ ಮೇಲೆ ನೋಡಿದಳು.

"ನಿನಗೆ ವೆಲ್ಷ್ ಬರುತ್ತಾ?"

"ನಿಮ್ಮಮ್ಮ ಹದಿನೈದು ವರ್ಷ ನನ್ನೆದುರಿಗೇ ಕೂತು ನನ್ನನ್ನ ಬೈದಿಲ್ವಾ" ಎಂದ ಕ್ಲಿಫ್, "ಕಲೀದೇ ಇರೋಕಾಗುತ್ತಾ?" ಎಂದು ಹ್ಯಾಂಡಲ್ ತಡವಿ ಕೂರಿಸಿ ನೀರು ಬಿಟ್ಟ. ದೋಣಿ ಅವಳನ್ನು ಹೊತ್ತು ಅವನ ಮಟ್ಟಕ್ಕೆ ಏರತೊಡಗಿತು.