ಒಂದು ಹೆಜ್ಜೆ ಮುಂದೆ

ನನ್ನ ಗಂಡ ಸೈನ್ಯದಿಂದ ಹೊರಬರುವ ದಿನ ಹತ್ತಿರವಾಗಿತ್ತು. ಹೊರಬರುವವರಿಗೆಲ್ಲ ಒಂದು ಕಸುಬು ಕಲಿಸಿ ಕಳಿಸುತ್ತಾರೆ. ಯಾವುದು ಬೇಕೆಂದು ಅವರವರೇ ಆರಿಸಿಕೊಳ್ಳಬೇಕು. ಆರಿಸುವ ದಿನ ಹೆಂಡತಿಯರೂ ಬರಬಹುದು ಎಂದು ಹೇಳಿಕಳಿಸಿದ್ದರು. ಬರಬಹುದು ಅಂತೆ! ಬರದೆ ಬಿಡುತ್ತೇನೆಯೇ? ಈ ಮನುಷ್ಯನನ್ನು ತರಕಾರಿಗೆ ಕಳಿಸಿದರೆ ಅಂಗಡಿಯವನು ಕೊಟ್ಟ ಕೊಳೆತ ಟೊಮೆಟೊಗೂ ತಲೆಯಾಡಿಸಿ ಬರುತ್ತಾರೆ.

ನಾನಂತೂ ಅವರ ಪರವಾಗಿ ಯಾವತ್ತೋ ಆರಿಸಿಯಾಗಿತ್ತು. ಹೊಲಿಗೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಮಷಿನ್ನುಗಳು ಎರಡಿದ್ದರೂ ತುಳಿಯುವವಳು ನಾನೊಬ್ಬಳೇ. ಇನ್ನೊಂದರ ಮೇಲೆ ಊರವರ ಲಂಗ, ಪ್ಯಾಂಟುಗಳ ರಾಶಿ. ಈಚೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ದಾರಿಯಲ್ಲಿ ಹೋಗುವವರನ್ನು ಕರೆಯುವ ಹಾಗಾಗಿದೆ. ನನ್ನ ಗಂಡನೋ, ಗುಂಡಿ ಹೊಲಿದರೆ ಬಟ್ಟೆ ಹರಿಯಬೇಕೇ ಹೊರತು ಗುಂಡಿ ಬೀಳುವುದಿಲ್ಲ. ಇಬ್ಬರೂ ಎದುರುಬದುರು ಕೂತರೆ ಕೆಲಸವೂ ಆಯಿತು, ಜೊತೆಯೂ ಆಯಿತು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ಜೊತೆ. ಮದುವೆಯಾದಾಗಿನಿಂದ ನಮ್ಮ ಸಂಸಾರವೆಲ್ಲ ರಜೆಯ ಲೆಕ್ಕದಲ್ಲೇ ನಡೆದಿದೆ. ಬರುತ್ತಾರೆ, ಬಾಗಿಲಲ್ಲಿ ಬೂಟು ಬಿಡುತ್ತಾರೆ, ಅವರ ಕೆಮ್ಮು ನನ್ನ ಕಿವಿಗೆ ಒಗ್ಗುವಷ್ಟರಲ್ಲಿ ಮತ್ತೆ ಬೂಟು ಹಾಕುತ್ತಾರೆ. ಸಾಕಾಗಿ ಹೋಗಿತ್ತು ನನಗೆ. ಆರಿಸುವ ದಿನ ಏನನ್ನೂ ಆರಿಸದೆ ಉಳಿದವರನ್ನು ಕಾವಲುಗಾರರ ತರಬೇತಿಗೆ ಸೇರಿಸುತ್ತಾರೆಂದು ಬೇರೆ ಕೇಳಿದ್ದೆ. ಅಂದರೆ ಎಲ್ಲಿಯದೋ ದೊಡ್ಡ ಊರಿನ ಎತ್ತರದ ಕಟ್ಟಡ, ಅದರ ಗೇಟು, ರಾತ್ರಿ ಪಾಳಿ. ನಾನು ಮತ್ತೆ ಒಬ್ಬಳೇ.

ಬಸ್ಸಿನಲ್ಲಿ ಇನ್ನೊಂದು ಸಲ ಕೇಳಿದೆ. "ಹೊಲಿಗೆ ಅಂತ ಹೇಳ್ತೀರಿ ತಾನೇ?"

"ಆಯ್ತು" ಅಂದರು.

"ಬಾಯಿಬಿಟ್ಟು ಹೇಳ್ಬೇಕು, ಮೂಕಬಸವನ ಹಾಗೆ ನಿಂತ್ರೆ ಆಗಲ್ಲ."

"ಆಯ್ತು ಕಣೆ" ಅಂದು ಕಣ್ಣುಮುಚ್ಚಿದರು. ಈ ಮನುಷ್ಯನಿಗೆ ನಿದ್ದೆ ಎಲ್ಲಿಂದ ಬರುತ್ತದೋ! ಈ ಸಲವಂತೂ ಬಂದಾಗಿನಿಂದ ಕೂತಲ್ಲಿ ನಿದ್ದೆ, ನಿಂತಲ್ಲಿ ನಿದ್ದೆ.

ತರಬೇತಿ ಕೇಂದ್ರದ ಹಾಲಿನಲ್ಲಿ ಸಾಲುಸಾಲು ಕುರ್ಚಿ ಹಾಕಿದ್ದರು. ಹೆಂಗಸರು ನಾವು ಕೂತೆವು. ಗಂಡಸರಲ್ಲಿ ಒಬ್ಬನಾದರೂ ಕೂರಬೇಕಲ್ಲ! ಹೇಳುವವರಿಲ್ಲ, ಕೇಳುವವರಿಲ್ಲ, ಬಂದವರೆಲ್ಲ ಹೋಗಿ ಗೋಡೆಗುಂಟ ಸಾಲಾಗಿ ನಿಂತುಬಿಟ್ಟರು. ತರಬೇತಿಯ ಮೇಡಂ ಚಿಕ್ಕ ವಯಸ್ಸಿನ ಹುಡುಗಿ. "ಕೂತ್ಕೊಳ್ಳಿ" ಎಂದು ಹೇಳಿ ಹೇಳಿ ಸೋತು, ಕೊನೆಗೆ ತಾನೂ ನಿಂತುಕೊಂಡೇ ಶುರುಮಾಡಿದಳು.

"ಒಂದೊಂದೇ ಕಸುಬಿನ ಹೆಸರು ಹೇಳ್ತೀನಿ. ಬೇಕಾದವರು ಒಂದು ಹೆಜ್ಜೆ ಮುಂದೆ ಬನ್ನಿ. ಕರೆಂಟ್ ಕೆಲಸ?"

ಒಬ್ಬನೂ ಕದಲಲಿಲ್ಲ.

"ನಲ್ಲಿ, ಪೈಪ್ ಕೆಲಸ?"

ಊಹೂಂ. ಬಡಗಿ ಕೆಲಸಕ್ಕೂ ಇಲ್ಲ, ಫ್ರಿಜ್ ರಿಪೇರಿಗೂ ಇಲ್ಲ. ಪಾಪದ ಹುಡುಗಿ ಪಿಳಿಪಿಳಿ ನೋಡಿದಳು. ನನಗೆ ತಲೆ ಚಿಟ್ಟು ಹಿಡಿಯಿತು.

ಸಾಲಿನ ಕೊನೆಯಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲೇ, ನನ್ನ ಗಂಡನ ಗೆಳೆಯ ನಿಂತಿದ್ದ. ಅವನ ಉದ್ದಕ್ಕೆ ಎಲ್ಲರೂ ಅವನನ್ನು ಏಣಿ ಅನ್ನುತ್ತಾರೆ. "ಏನ್ರೀ, ಗರ ಬಡಿದಿದೆಯಾ ನಿಮಗೆಲ್ಲ?" ಎಂದು ಪಿಸುಗುಟ್ಟಿದೆ.

"ಮುಂದೆ ಬನ್ನಿ ಅಂದ್ರೆ ಯಾರು ಬರ್ತಾರೆ ಅತ್ತಿಗೆ?" ಏಣಿ ಮುಖ ತಿರುಗಿಸದೆಯೇ ಹೇಳಿದ. "ಸೇರಿದ ಹೊಸದ್ರಲ್ಲಿ ಒಂದಿನ ಯಾರಿಗೆ ಈಜು ಬರುತ್ತೆ, ಮುಂದೆ ಬನ್ನಿ ಅಂದ್ರು. ನಿಮ್ಮ ಯಜಮಾನ್ರು ಎದೆಯುಬ್ಬಿಸ್ಕೊಂಡು ಹೋದ್ರು. ಪಾಚಿ ಕಟ್ಟಿದ ಟ್ಯಾಂಕಿಗೆ ಇಳಿಸಿ ಸಂಜೆ ತನಕ ಉಜ್ಜಿಸಿದ್ರು. ಆವತ್ತಿಂದ ನಮ್ಮಲ್ಲಿ ಯಾರೂ ಮುಂದೆ ಹೋಗಲ್ಲ."

ಅಷ್ಟರಲ್ಲಿ ಮೇಡಂ "ಹೊಲಿಗೆ?" ಅಂದಳು.

ನನ್ನ ಗಂಡನ ಕಡೆ ನೋಡಿದೆ. ಎದುರಿನ ಕಿಟಕಿಯನ್ನು ನೋಡುತ್ತ ಕಲ್ಲಿನ ಹಾಗೆ ನಿಂತಿದ್ದರು. ನನ್ನ ಕೋಪವೋ, ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಎದ್ದು ನಿಂತು, ಬೀದಿಯಲ್ಲಿ ಜಗಳಕ್ಕೆ ನಿಂತವಳ ಹಾಗೆ ಕೂಗಿಬಿಟ್ಟೆ: "ಒಂದು ಹೆಜ್ಜೆ ಮುಂದೆ!"

ಧಡ್ ಎಂದು ಇಡೀ ಸಾಲು ಮುಂದೆ ಬಂತು.

ಒಂದು ಕ್ಷಣ ಎಲ್ಲರೂ ಕಕ್ಕಾಬಿಕ್ಕಿ. ಆಮೇಲೆ ಮೊದಲು ನಕ್ಕವನು ಏಣಿ, ಅವನ ಹಿಂದೆಯೇ ಎಲ್ಲ ಗಂಡಸರೂ, ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಎಲ್ರೂ ಟೈಲರ್ ಆದ್ರೆ ನನ್ನ ಅಂಗಡಿ ಗತಿಯೇನ್ರಪ್ಪಾ!" ಎಂದು ನಾನೂ ನಕ್ಕೆ. ಆ ನಗೆಯಲ್ಲಿ ಬಿಗಿ ಸಡಿಲವಾಗಿ ಒಬ್ಬೊಬ್ಬರೇ ಮೇಜಿನ ಹತ್ತಿರ ಹೋಗಿ ತಮಗೆ ಬೇಕಾದ್ದು ಹೇಳತೊಡಗಿದರು. ಏಣಿ ಕರೆಂಟ್ ಕೆಲಸ ಹಿಡಿದ.

ಗೋಡೆಯ ಹತ್ತಿರ ನನ್ನ ಗಂಡ ಒಬ್ಬರೇ ಉಳಿದಿದ್ದರು. ಅವರು ಮುಂದೆ ಬಂದೇ ಇರಲಿಲ್ಲ.

ಹೋಗಿ ಎದುರಿಗೆ ನಿಂತೆ. "ಏನ್ರೀ ಇದು? ಆಯ್ತು ಅಂದ್ರಲ್ಲ?"

"ಅಂದೆ" ಎಂದು ತಮ್ಮ ಕಾಲಿನ ಕಡೆ ನೋಡಿದರು. "ಯಾರು ಏನು ಹೇಳಿದ್ರೂ ಆಯ್ತು ಅಂದು ಅಂದು ಅಭ್ಯಾಸ ಆಗ್ಹೋಗಿದೆ ಕಣೆ. ನೀನು ಕೂಗಿದ್ಯಲ್ಲ, ಕಾಲು ತಾನಾಗೇ ಹೊರಟಿತ್ತು. ಹಿಡ್ಕೊಂಡೆ."

"ಹೊಲಿಗೆ ಬೇಡ್ವಾ ಹಾಗಾದ್ರೆ?"

"ಬೇಡ."

"ಮತ್ತೇನು ಬೇಕು?"

ಅವರು ನನ್ನ ಮುಖವನ್ನೇ ನೋಡಿದರು. ಅಪ್ಪನ ಮಾತಿಗೆ ಸೈನ್ಯ ಸೇರಿದವರು, ಅಮ್ಮನ ಮಾತಿಗೆ ನನ್ನನ್ನು ಕಟ್ಟಿಕೊಂಡವರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಇಷ್ಟು ವರ್ಷದಲ್ಲಿ ನಾನೂ ಕೇಳಿರಲಿಲ್ಲ.

"ಗೊತ್ತಿಲ್ಲ" ಅಂದರು. "ತುಂಬಾ ಸುಸ್ತಾಗಿದೆ ಕಣೆ."

ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದರೂ ನನಗೆ ಅದು ಕಂಡಿರಲಿಲ್ಲ.

ಮೇಡಂ ಅಲ್ಲಿಂದಲೇ ಕೂಗಿದಳು. "ಅಮ್ಮಾ, ಮುಗಿಸ್ತಾ ಇದೀವಿ. ಹೊಲಿಗೇಲಿ ಒಂದು ಸೀಟು ಉಳಿದಿದೆ, ಇವರ ಹೆಸರು ಬರ್ಕೊಳ್ಲಾ? ಇಲ್ಲಾಂದ್ರೆ ಕಾವಲಿಗೆ ಹಾಕ್ತೀನಿ."

ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ಹೂಂ ಅಂದಿದ್ದರೆ ಆಯ್ತು ಅನ್ನುತ್ತಿದ್ದರು, ದೇವರಾಣೆಗೂ. ಜೀವಮಾನವಿಡೀ ಎದುರಿನ ಮಷಿನ್ನಿನ ಮುಂದೆ ಕೂತು, ನಾನು ಕೊಟ್ಟ ಕಾಲರನ್ನು ಹೊಲಿದು, ಆಯ್ತು ಆಯ್ತು ಅನ್ನುತ್ತ ಇರುತ್ತಿದ್ದರು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗುವುದು ನನಗೆಷ್ಟು ಕಷ್ಟವೆಂದು ನಮ್ಮ ಬೀದಿಯವರನ್ನು ಕೇಳಬೇಕು.

"ಯಾವುದಕ್ಕೂ ಬರೀಬೇಡಮ್ಮಾ" ಅಂದೆ. "ಅವರು ಹೇಳೋ ತನಕ ಬೇಡ."

"ಮತ್ತೆ ಅವಕಾಶ ಸಿಗಲ್ಲ."

"ಗೊತ್ತು ತಾಯಿ."

ಹೊರಗೆ ಬಿಸಿಲು ಚುರ್ರೆನ್ನುತ್ತಿತ್ತು. ಗೇಟು ದಾಟಿ ರಸ್ತೆಯಂಚಿಗೆ ಬಂದೆವು. ಅವರು ನಿಂತರು. ನಾನು ಯಾವ ಕಡೆ ಹೊರಡುತ್ತೇನೋ ಎಂದು ಕಾಯುತ್ತಿದ್ದಾರೆಂದು ಗೊತ್ತಾಯಿತು. ಮನೆಗೆ ಹೋಗುವ ಬಸ್ಸು ಬಲಗಡೆಯ ತಿರುವಿನಲ್ಲಿ ಸಿಗುತ್ತದೆ. ನಾನು ಕದಲಲಿಲ್ಲ, ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು ಸುಮ್ಮನೆ ನಿಂತೆ.

"ಎತ್ಲಾಗೆ?" ಅಂದರು.

"ನಂಗೇನು ಗೊತ್ತು? ನೀವೇ ಹೇಳಿ."

ಅವರು ಅತ್ತ ನೋಡಿದರು, ಇತ್ತ ನೋಡಿದರು. ನಮ್ಮ ಬಸ್ಸು ಬಂತು, ತಿರುವಿನಲ್ಲಿ ನಿಂತಿತು, ಹೋಯಿತು. ನನಗೆ ಅಳುವೂ ಬಂತು, ಎಲ್ಲಿಲ್ಲದ ಸಿಟ್ಟೂ ಬಂತು. ಕೊನೆಗೆ ಅವರು ಬಿಗಿದಿದ್ದ ಹೆಗಲನ್ನು ಸಡಿಲಬಿಟ್ಟು ಎಡಗಡೆಗೆ ಒಂದು ಹೆಜ್ಜೆ ಇಟ್ಟರು, ಆಮೇಲೆ ಇನ್ನೊಂದು.

ಅದು ನಮ್ಮ ಮನೆಯ ದಾರಿಯಲ್ಲ. ನಾನು ತುಟಿಪಿಟಕ್ಕೆನ್ನದೆ ಅವರ ಹಿಂದೆ ನಡೆದೆ.