ಬೀಗರ ಪಂಕ್ತಿಯಲ್ಲಿ ಅತ್ತೆ

ಸುರಪುರದ ಫಂಕ್ಷನ್ ಹಾಲಿನ ಬಾಗಿಲಲ್ಲೇ ಮರಿಲಿಂಗ ನಮ್ಮತ್ತೆಯನ್ನು ತಡೆದ. "ಸಣ್ಣವ್ವ, ಸೋಬಾನ-ಗೀಬಾನ ಬ್ಯಾಡ. ಡಿಜೆ ಹೇಳೀನಿ. ದೊಡ್ಡ ಮಂದಿ ಬರಾಕತ್ತಾರ, ನೀ ಹಿಂದ ಕೂಡ್ರು."

ಮದುವೆ ಅವನ ಮಗನದು. ಮರಿಲಿಂಗನನ್ನು ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಾಗ ಅವನಿಗೆ ಎದೆಹಾಲು ಕುಡಿಸಿದವಳು ಅವಳ ತಂಗಿ, ನಮ್ಮತ್ತೆ ಅಯ್ಯಮ್ಮ. ನಮ್ಮೂರು ದೇವಾಪುರದಲ್ಲಿ ಇವಳ ಹಾಡಿಲ್ಲದೆ ಮದುಮಕ್ಕಳಿಗೆ ಅರಿಷಿಣ ಹಚ್ಚುತ್ತಲೇ ಇರಲಿಲ್ಲ. ಈಗ ಮರಿಲಿಂಗ ಗುತ್ತೇದಾರ. ನನ್ನ ಗಂಡ ಭೀಮೇಶ ಅವನ ಟಿಪ್ಪರ್ ಓಡಿಸುತ್ತಾನೆ. ನಮ್ಮ ಒಲೆ ಉರಿಯುವುದು ಅದರಿಂದಲೇ. ಹಾಗಾಗಿ ನಾನೇ ಅತ್ತೆಯ ಕೈ ಹಿಡಿದು, ಕೈತೊಳೆಯುವ ನಲ್ಲಿಗಳ ಪಕ್ಕ ಕೂಡಿಸಿದೆ. ಅವಳು ಜಗಳವಾಡದೆ ಸೆರಗು ಸರಿಮಾಡಿಕೊಂಡು ಕೂತಳು. ನನಗೆ ಭಯವಾದದ್ದು ಅದಕ್ಕೇ.

ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು, ಕೊಡೇಕಲ್ಲಿನ ಬೀಗತಿಯರು, ಹಳೆಯ ರೂಢಿಯಂತೆ ಗಂಡಿನ ಕಡೆಯವರನ್ನು ಹಂಗಿಸಿ ಹಾಡತೊಡಗಿದರು. ಮರುಹಾಡು ಬರುವ ತನಕ ಅವರು ತುತ್ತು ಎತ್ತುವುದಿಲ್ಲ. ಹಾಡಿನ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ. ನಮ್ಮ ಕಡೆಯ ಹುಡುಗಿಯರು ಮುಖ ಮುಖ ನೋಡಿಕೊಂಡು ಮೊಬೈಲಿಗೆ ಬಗ್ಗಿದರು.

"ಯಾಕ್ರಿ, ಗಂಡಿನ ಕಡ್ಯಾಗ ಒಬ್ಬಾಕಿಗೂ ನಾಲಿಗಿ ಇಲ್ಲೇನು? ಡಿಜೆಗಾದ್ರೂ ಹಾಡು ಅನ್ರಿ!" ಬೀಗತಿ ದುರಗಮ್ಮ ನಕ್ಕಳು.

ಮರಿಲಿಂಗ ಬೆವರುತ್ತ ಓಡಿಬಂದ. "ಸಣ್ಣವ್ವ, ಎರಡು ನುಡಿ ಹಾಡು. ಮಾನ ಹೋಗಾಕತ್ತೈತಿ."

"ಹಾಡ್ತೀನಪ್ಪ," ಎಂದು ಎದ್ದ ಅತ್ತೆ ನೆಟ್ಟಗೆ ಹೋಗಿ ದುರಗಮ್ಮನ ಪಕ್ಕ, ಬೀಗರ ಪಂಕ್ತಿಯಲ್ಲೇ ಕೂತಳು.

"ಹಾಲು ಕುಡದು ಬೆಳದ ಮಗ ಊರಿಗಿ ಗುತ್ತೇದಾರ
ಹಾಲು ಕೊಟ್ಟಾಕಿ ಬಂದರ ಕೇಳ್ತಾನ ನೀ ಯಾರ"

ಬೀಗತಿಯರು ಚಪ್ಪಾಳೆ ಹೊಡೆದು ಸೊಲ್ಲು ಹಿಡಿದರು, ಕೊನೆಯ ಸಾಲನ್ನು ಮತ್ತೆ ಹಾಡಿದರು. ದೊಡ್ಡ ಮಂದಿ ತಿರುಗಿ ನೋಡಿದರು. ಮರಿಲಿಂಗ ನಗಲೇಬೇಕಿತ್ತು, ಹಲ್ಲು ತೋರಿಸಿದ. ಆಮೇಲೆ ಭೀಮೇಶನ ಕಡೆ ಬಗ್ಗಿ, "ನಿಮ್ಮವ್ವನ ಬಾಯಿ ಮುಚ್ಚಸು. ಇಲ್ಲಾಂದ್ರ ಟಿಪ್ಪರಿನ ಚಾವಿ ಇಟ್ಟು ನಡಿ," ಅಂದ.

ಭೀಮೇಶ ನನ್ನನ್ನು ನೋಡಿದ. ಅತ್ತೆಯನ್ನು ಸುಮ್ಮನಿರಿಸುವ ಕೆಲಸ ಯಾವಾಗಲೂ ನನ್ನದೇ. ಹತ್ತಿರ ಹೋದೆ. ಅವಳ ಕಣ್ಣಲ್ಲಿ ಎಂಥ ಸುಖವಿತ್ತು! ನಾನು ಸೊಸೆಯಾಗಿ ಬಂದಮೇಲೆ ಒಮ್ಮೆಯೂ ಆ ಮುಖ ಕಂಡಿರಲಿಲ್ಲ.

"ಬಾ ಸುಮಲತಾ, ಅವನ ಹೆಂಡ್ತಿ ಮ್ಯಾಲ ಇನ್ನೊಂದೈತಿ. ಸೊಲ್ಲು ಹಿಡಿಯಾಕ ಬರ್ತದೇನು?"

"ಬರ್ತದ್ರಿ ಅತ್ತಿ," ಎಂದು ಕೂತೆ. ಆಚೆ ಭೀಮೇಶ ಜೇಬಿಗೆ ಕೈ ಹಾಕಿ ಚಾವಿ ತೆಗೆಯುತ್ತಿದ್ದ. ಅತ್ತೆ ನುಡಿ ಎತ್ತಿದಳು, ನಾನು ಸೊಲ್ಲು ಹಿಡಿದೆ. ನನ್ನ ದನಿ ಮರಿಲಿಂಗನಿಗೆ ಕೇಳುವಷ್ಟು ಜೋರಾಗಿಯೇ ಇತ್ತು.